ನಟ ಬರೆದ ನಾಟಕಗಳು

‘ಫೋರ್ಡ್ ವರ್ಸಸ್ ಫೆರಾರಿ’ ಸಿನಿಮಾದಲ್ಲಿ ಎರಡನೇ ಹೆನ್ರಿ ಫೋರ್ಡ್‌ನನ್ನು ರೇಸ್ ಕಾರಿನಲ್ಲಿ ಕೂರಿಸಿಕೊಂಡು ಸುತ್ತು ಹೊಡೆಸುವ ದೃಶ್ಯವೊಂದಿದೆ. ಒಂದು ಮಾತಿಗೆ ಇಡೀ ಕಾರ್ಖಾನೆಯನ್ನು ನಿಲ್ಲಿಸಬಲ್ಲ ಯಜಮಾನ, ಸೂಟುಬೂಟಿನ ದಪ್ಪ ಆಳು. ಕಾರು ನಿಂತಾಗ ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯದ ಹಾಗೆ ಬಿಕ್ಕುತ್ತಾನೆ. ಸಿನಿಮಾ ನೋಡಿ ಬಂದವರು ಮ್ಯಾಟ್ ಡೇಮನ್ ಹೆಸರು ಹೇಳುತ್ತಾರೆ, ಕ್ರಿಶ್ಚಿಯನ್ ಬೇಲ್ ಹೆಸರು ಹೇಳುತ್ತಾರೆ. ಈ ಪಾತ್ರ ಮಾಡಿದವರು ಯಾರು ಎಂದರೆ ತಡವರಿಸುತ್ತಾರೆ. ‘ಲೇಡಿ ಬರ್ಡ್’ನಲ್ಲಿ ಕೆಲಸ ಕಳೆದುಕೊಂಡು ಮೆತ್ತಗಾದ ಅಪ್ಪ ಇವರೇ. ‘ಹೋಮ್‌ಲ್ಯಾಂಡ್’ ಧಾರಾವಾಹಿಯಲ್ಲಿ ಎಲ್ಲರನ್ನೂ ರೇಗಿಸುವ ರಾಜಕಾರಣಿ ಲಾಕ್‌ಹಾರ್ಟ್ ಕೂಡ ಇವರೇ. ಹೆಸರು ಟ್ರೇಸಿ ಲೆಟ್ಸ್. ಹೆಸರು ಕೇಳಿ ಹೆಂಗಸು ಅಂದುಕೊಳ್ಳುವವರಿದ್ದಾರೆ. ಮುಖ ಗೊತ್ತಿದ್ದೂ ಹೆಸರು ಗೊತ್ತಿಲ್ಲದ ನಟರ ಸಾಲಿಗೆ ಸೇರಿದ ಗಂಡಸು ಈತ.

ಅಮೆರಿಕದ ರಂಗಭೂಮಿಯವರ ಲೆಕ್ಕ ಬೇರೆ. ಅಲ್ಲಿ ಲೆಟ್ಸ್ ಮೊದಲು ನಾಟಕಕಾರ. 2008ರಲ್ಲಿ ‘ಆಗಸ್ಟ್: ಓಸೇಜ್ ಕೌಂಟಿ’ ನಾಟಕಕ್ಕೆ ಪುಲಿಟ್ಜರ್ ಬಂತು, ಅದೇ ವರ್ಷ ಶ್ರೇಷ್ಠ ನಾಟಕಕ್ಕೆ ಕೊಡುವ ಟೋನಿಯೂ ಬಂತು. ಐದು ವರ್ಷ ಬಿಟ್ಟು, 2013ರಲ್ಲಿ, ಇನ್ನೊಂದು ಟೋನಿ. ಈ ಸಲ ಬರವಣಿಗೆಗಲ್ಲ, ಎಡ್ವರ್ಡ್ ಆಲ್ಬಿಯ ‘ಹೂ ಈಸ್ ಅಫ್ರೇಡ್ ಆಫ್ ವರ್ಜೀನಿಯಾ ವುಲ್ಫ್?’ ನಾಟಕದ ನಟನೆಗೆ. ಆ ವರ್ಷ ಸ್ಪರ್ಧೆಯಲ್ಲಿದ್ದವರಲ್ಲಿ ಟಾಮ್ ಹ್ಯಾಂಕ್ಸ್ ಕೂಡ ಒಬ್ಬರು.

ಎರಡು ಕೆಲಸವನ್ನೂ ಚೆನ್ನಾಗಿ ಮಾಡಿದ ಮನುಷ್ಯ ಎಂದು ಶಹಭಾಸ್‌ಗಿರಿ ಕೊಟ್ಟು ಮುಗಿಸಬಹುದು. ಆದರೆ ನನ್ನ ಆಸಕ್ತಿ ಇರುವುದು ಬೇರೆ ಕಡೆ. ಲೆಟ್ಸ್ ನಾಟಕಗಳನ್ನು ಓದುವಾಗ ಇವು ಮೇಜಿನ ಮುಂದೆ ಕೂತು ಬರೆದವಲ್ಲ, ತಾಲೀಮಿನ ಕೋಣೆಯ ಗೋಡೆಗೆ ಒರಗಿ ನಿಂತು ಬರೆದವು ಅನ್ನಿಸುತ್ತದೆ. ಅದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಉತ್ತರ ಅವರ ಪ್ರತಿಭೆಯಲ್ಲಿ ಅರ್ಧ ಇದ್ದರೆ, ಉಳಿದರ್ಧ ಷಿಕಾಗೋದ ಒಂದು ನಾಟಕ ತಂಡದಲ್ಲಿದೆ.

ಲೆಟ್ಸ್ ಹುಟ್ಟಿದ್ದು 1965ರಲ್ಲಿ, ಓಕ್ಲಹೋಮಾದ ಟಲ್ಸಾದಲ್ಲಿ. ಬೆಳೆದದ್ದು ಟೆಕ್ಸಸ್ ಗಡಿಯ ಹತ್ತಿರದ ಡ್ಯುರೆಂಟ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಡೆನಿಸ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮೇಷ್ಟರು, ಆಮೇಲೆ ಸಿನಿಮಾ ಮತ್ತು ಟಿವಿಯಲ್ಲಿ ಪಾತ್ರ ಮಾಡತೊಡಗಿದವರು. ಅಮ್ಮ ಬಿಲ್ಲಿಯೂ ಪಾಠ ಹೇಳುತ್ತಿದ್ದವರೇ. ಐವತ್ತು ದಾಟಿದ ಮೇಲೆ, 1995ರಲ್ಲಿ, ಮೊದಲ ಕಾದಂಬರಿ ‘ವೇರ್ ದ ಹಾರ್ಟ್ ಈಸ್’ ಪ್ರಕಟಿಸಿದರು. ಓಪ್ರಾ ವಿನ್‌ಫ್ರಿಯ ಕಣ್ಣಿಗೆ ಬಿದ್ದು ಅದು ಲಕ್ಷಗಟ್ಟಲೆ ಓದುಗರಿಗೆ ತಲುಪಿತು. ಹೀಗೆ ಮನೆಯಲ್ಲಿ ಒಬ್ಬರು ನಟ, ಒಬ್ಬರು ಲೇಖಕಿ. ಮಗ ಎರಡನ್ನೂ ಹೊತ್ತುಕೊಂಡ. ಕಾಲೇಜು ಮಾತ್ರ ಹತ್ತಲಿಲ್ಲ. ಮೊದಲು ಡಲ್ಲಾಸಿಗೆ, ಅಲ್ಲಿಂದ ಇಪ್ಪತ್ತರ ಹರೆಯದಲ್ಲಿ ಷಿಕಾಗೋಗೆ ಹೋದ.

ಮೊದಲ ನಾಟಕ ‘ಕಿಲ್ಲರ್ ಜೋ’. ಟ್ರೇಲರ್ ಮನೆಯಲ್ಲಿ ಬದುಕುವ ಒಂದು ಬಡ ಕುಟುಂಬ ವಿಮೆಯ ಹಣಕ್ಕಾಗಿ ತಾಯಿಯನ್ನು ಕೊಲ್ಲಿಸಲು ಒಬ್ಬ ಪೊಲೀಸ್ ಅಧಿಕಾರಿಗೆ ಸುಪಾರಿ ಕೊಡುತ್ತದೆ. ಮುಂಗಡ ಕೊಡಲು ದುಡ್ಡಿಲ್ಲ. ಮನೆಯ ಮಗಳನ್ನೇ ಒತ್ತೆ ಇಡುತ್ತಾರೆ. ನಾಟಕ ಎಷ್ಟು ಹಸಿಯಾಗಿತ್ತೆಂದರೆ ಆಡಿಸಲು ಯಾರೂ ಮುಂದೆ ಬರಲಿಲ್ಲ. 1993ರಲ್ಲಿ ಷಿಕಾಗೋ ಪಕ್ಕದ ಎವನ್‌ಸ್ಟನ್‌ನ ಸಣ್ಣ ರಂಗಮಂದಿರದಲ್ಲಿ ಪ್ರಯೋಗವಾಯಿತು, ಅಲ್ಲಿಂದ ಎಡಿನ್‌ಬರೋ, ಲಂಡನ್. ಎರಡನೆಯ ನಾಟಕ ‘ಬಗ್’ 1996ರಲ್ಲಿ ಲಂಡನ್‌ನಲ್ಲೇ ಮೊದಲು ರಂಗಕ್ಕೆ ಬಂತು. ಓಕ್ಲಹೋಮಾದ ಒಂದು ಮೋಟೆಲ್ ಕೋಣೆ; ಒಬ್ಬ ವೇಟ್ರೆಸ್, ಸೇನೆಯಿಂದ ಬಂದ ಒಬ್ಬ ಅಲೆಮಾರಿ. ಸರ್ಕಾರ ತನ್ನ ಮೈಯೊಳಗೆ ಹುಳ ಬಿಟ್ಟಿದೆ ಎಂದು ಆತ ನಂಬಿದ್ದಾನೆ, ಕ್ರಮೇಣ ಅವಳೂ ನಂಬುತ್ತಾಳೆ. ಸುಳ್ಳು ಸುದ್ದಿ, ಪಿತೂರಿ ಸಿದ್ಧಾಂತಗಳು ಮೊಬೈಲಿನಲ್ಲಿ ಹರಿದಾಡುವ ಈ ಕಾಲದಲ್ಲಿ ಆ ನಾಟಕ ಹಳತಾಗಿಲ್ಲ. ಎರಡರಲ್ಲೂ ಮೈಕಲ್ ಶ್ಯಾನನ್ ನಟಿಸಿದ್ದರು, ಎರಡನ್ನೂ ಮುಂದೆ ವಿಲಿಯಂ ಫ್ರೀಡ್ಕಿನ್ ಸಿನಿಮಾ ಮಾಡಿದರು. ನಡುವೆ ಲೆಟ್ಸ್ ಲಾಸ್ ಏಂಜಲೀಸಿಗೂ ಹೋಗಿ ಅದೃಷ್ಟ ಪರೀಕ್ಷಿಸಿದರು. ‘ಸೈನ್‌ಫೆಲ್ಡ್’ನಂಥ ಧಾರಾವಾಹಿಯಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಪಾತ್ರ ಸಿಕ್ಕಿತು. ಷಿಕಾಗೋಗೆ ವಾಪಸು ಬಂದರು.

ವಾಪಸು ಬಂದು ಸೇರಿದ್ದು ಸ್ಟೆಪನ್‌ವುಲ್ಫ್ ತಂಡವನ್ನು. ಅದರ ಕತೆ ಸ್ವಲ್ಪ ಹೇಳಬೇಕು. 1970ರ ದಶಕದ ನಡುವೆ ಗ್ಯಾರಿ ಸಿನೀಸ್, ಟೆರ್ರಿ ಕಿನ್ನಿ, ಜೆಫ್ ಪೆರ್ರಿ ಎಂಬ ಮೂವರು ಹುಡುಗರು ಷಿಕಾಗೋ ಹೊರವಲಯದ ಹೈಲ್ಯಾಂಡ್ ಪಾರ್ಕ್‌ನಲ್ಲಿ, ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಕಟ್ಟಿದ ತಂಡ ಅದು. ಜಾನ್ ಮಾಲ್ಕೊವಿಚ್, ಲಾರಿ ಮೆಟ್‌ಕಾಫ್ ಅಲ್ಲಿಂದ ಬಂದವರು. ಇದು ತಿಂಗಳ ಸಂಬಳದ ನೌಕರಿಯಲ್ಲ. ಸದಸ್ಯರು ಸಿನಿಮಾಕ್ಕೆ, ಟಿವಿಗೆ ಹೋಗುತ್ತಾರೆ, ಹೆಸರು ಮಾಡುತ್ತಾರೆ, ಒಳ್ಳೆಯ ಪಾತ್ರ ಸಿಕ್ಕಾಗ ಮರಳಿ ಬರುತ್ತಾರೆ. ಇಪ್ಪತ್ತು ಮೂವತ್ತು ವರ್ಷ ಒಬ್ಬರ ಜೊತೆ ಒಬ್ಬರು ನಟಿಸಿದವರು ಒಂದೇ ವೇದಿಕೆಯಲ್ಲಿ ನಿಂತಾಗ ಏನಾಗುತ್ತದೆ ಎಂಬುದು ನಮ್ಮ ಕಡೆ ಮೇಳದಲ್ಲಿ ತಿರುಗಾಟ ಮಾಡಿದವರಿಗೆ ಗೊತ್ತು. ಎದುರಿನವನು ಉಸಿರು ಎಳೆದುಕೊಂಡ ರೀತಿಯಲ್ಲೇ ಮುಂದಿನ ಮಾತು ಹೇಗೆ ಬರುತ್ತದೆಂದು ತಿಳಿಯುತ್ತದೆ. (‘ಲೇಡಿ ಬರ್ಡ್’ನಲ್ಲಿ ಲೆಟ್ಸ್ ಮತ್ತು ಮೆಟ್‌ಕಾಫ್ ಗಂಡಹೆಂಡತಿ. ಹೆಚ್ಚು ಮಾತಿಲ್ಲದೆಯೇ ಬಹಳ ವರ್ಷ ಸಂಸಾರ ಮಾಡಿದವರ ಹಾಗೆ ಕಾಣುತ್ತಾರಲ್ಲ, ಅದರ ಗುಟ್ಟಿನಲ್ಲಿ ಈ ತಂಡದ ಪಾಲೂ ಇದೆ.)

ಲೆಟ್ಸ್ 2002ರಲ್ಲಿ ಈ ತಂಡದ ಸದಸ್ಯರಾದರು. ನಟನಾಗಿ ಮ್ಯಾಮೆಟ್ ನಾಟಕ ಆಡಿದರು, ಮಾರ್ಟಿನ್ ಮ್ಯಾಕ್‌ಡೊನಾ ನಾಟಕ ಆಡಿದರು. ನಾಟಕಕಾರನಾಗಿ 2003ರಲ್ಲಿ ‘ಮ್ಯಾನ್ ಫ್ರಮ್ ನೆಬ್ರಾಸ್ಕಾ’ ಕೊಟ್ಟರು. ಒಂದು ರಾತ್ರಿ ಎದ್ದು ಕೂತು, ದೇವರಲ್ಲಿ ತನ್ನ ನಂಬಿಕೆ ಹೋಯಿತೆಂದು ಅಳುವ ಮಧ್ಯವಯಸ್ಕನ ಕತೆ. ರಕ್ತ, ಪಿಸ್ತೂಲು ಇಲ್ಲದೆಯೂ ಈತ ಬರೆಯಬಲ್ಲ ಎಂದು ತೋರಿಸಿದ ನಾಟಕ ಅದು. ಆಮೇಲೆ ಬಂತು ‘ಆಗಸ್ಟ್’.

ಆ ನಾಟಕದ ಬೀಜ ಮನೆಯದೇ. ಲೆಟ್ಸ್‌ಗೆ ಹತ್ತು ವರ್ಷವಿದ್ದಾಗ ತಾಯಿಯ ತಂದೆ ನೀರಿಗೆ ಬಿದ್ದು ಸತ್ತರು, ಆತ್ಮಹತ್ಯೆ. ಅಜ್ಜಿ ಮಾತ್ರೆಗಳ ಚಟಕ್ಕೆ ಬಿದ್ದರು. ಮೂವತ್ತು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರೆದ ನಾಟಕದಲ್ಲಿ ಓಸೇಜ್ ಕೌಂಟಿಯ ಪಹಸ್ಕಾ ಊರಿನ ಹೊರಗೊಂದು ದೊಡ್ಡ ಹಳೆಯ ಮನೆ. ಯಜಮಾನ ಬೆವರ್ಲಿ ವೆಸ್ಟನ್ ಒಂದು ಕಾಲಕ್ಕೆ ಹೆಸರು ಮಾಡಿದ್ದ ಕವಿ, ಈಗ ಕುಡುಕ. ಹೆಂಡತಿ ವಯಲೆಟ್‌ಗೆ ಬಾಯಿಯ ಕ್ಯಾನ್ಸರ್. ಆ ಬಾಯಿಂದಲೇ ಬೆಂಕಿ ಉಗುಳುತ್ತಾಳೆ. ಮೊದಲ ದೃಶ್ಯದಲ್ಲಿ ಬೆವರ್ಲಿ ಮನೆಗೆಲಸಕ್ಕೆ ಜಾನ್ನಾ ಎಂಬ ಆದಿವಾಸಿ ಹುಡುಗಿಯನ್ನು ನೇಮಿಸಿಕೊಳ್ಳುತ್ತಾನೆ, ಆಮೇಲೆ ಕಾಣೆಯಾಗುತ್ತಾನೆ. ಹೆಣ ಸಿಗುತ್ತದೆ. ಬಾರ್ಬರಾ, ಐವಿ, ಕ್ಯಾರನ್ ಎಂಬ ಮೂವರು ಹೆಣ್ಣುಮಕ್ಕಳು, ಗಂಡಂದಿರು, ಚಿಕ್ಕಮ್ಮ, ಮೊಮ್ಮಗಳು ಎಲ್ಲ ಸೇರುತ್ತಾರೆ. ಹದಿಮೂರು ಪಾತ್ರ, ಮೂರು ಅಂಕ, ಮೂರೂವರೆ ಗಂಟೆ. ರಂಗದ ಮೇಲೆ ಮೂರು ಅಂತಸ್ತಿನ ಪೂರ್ತಿ ಮನೆ. ಕಡಿಮೆ ಪಾತ್ರ, ಕಡಿಮೆ ಖರ್ಚು, ತೊಂಬತ್ತು ನಿಮಿಷ ಎಂದು ಲೆಕ್ಕ ಹಾಕುವ ಈ ಕಾಲದಲ್ಲಿ ಇದು ಹುಚ್ಚು ಸಾಹಸ. ತಂಡವೊಂದು ಬೆನ್ನಿಗಿಲ್ಲದೆ ಹದಿಮೂರು ಜನರ ನಾಟಕ ಬರೆಯುವ ಧೈರ್ಯ ಹೊಸ ಲೇಖಕನಿಗೆ ಬರುವುದಿಲ್ಲ. ಬಂದರೂ ಅದು ಕಪಾಟಿನಲ್ಲಿ ಉಳಿಯುತ್ತದೆ.

ಎರಡನೇ ಅಂಕದ ಊಟದ ದೃಶ್ಯ ನೋಡಿ. ಶವಸಂಸ್ಕಾರ ಮುಗಿಸಿ ಬಂದು ಮೇಜಿನ ಸುತ್ತ ಕೂತಿದ್ದಾರೆ. ಚಿಕ್ಕಪ್ಪ ಚಾರ್ಲಿಗೆ ಊಟದ ಮುಂಚಿನ ಪ್ರಾರ್ಥನೆ ಹೇಳಲು ಒಪ್ಪಿಸುತ್ತಾರೆ. ಅವನಿಗೆ ಮಾತು ಹೊಂದುವುದಿಲ್ಲ, ಎಳೆಯುತ್ತಾ ಹೋಗುತ್ತಾನೆ. ನಡುವೆ ಯಾರದೋ ಫೋನು ರಿಂಗಾಗುತ್ತದೆ. ಹದಿನಾಲ್ಕರ ಮೊಮ್ಮಗಳು ಮಾಂಸ ತಿನ್ನುವುದಿಲ್ಲ ಎಂದಾಗ ಎಲ್ಲರಿಗೂ ಅವಳನ್ನು ಗೇಲಿ ಮಾಡುವ ಉತ್ಸಾಹ. ಅಷ್ಟರಲ್ಲಿ ವಯಲೆಟ್ ಒಬ್ಬೊಬ್ಬರನ್ನೇ ಹಿಡಿದು ಸಿಪ್ಪೆ ಸುಲಿಯತೊಡಗುತ್ತಾಳೆ. ನಗು ಎಲ್ಲಿ ನಿಂತಿತು, ಭಯ ಎಲ್ಲಿ ಶುರುವಾಯಿತು ಎಂದು ಪ್ರೇಕ್ಷಕರಿಗೆ ಹೇಳಲಾಗುವುದಿಲ್ಲ. ಕೊನೆಗೆ ಹಿರಿಮಗಳು ಬಾರ್ಬರಾ ತಾಯಿಯ ಮೇಲೆ ಹಾರಿ ಮಾತ್ರೆಯ ಸೀಸೆ ಕಿತ್ತುಕೊಂಡು, ಇನ್ನು ಈ ಮನೆ ನಡೆಸುವವಳು ನಾನು ಎಂದು ಕೂಗುವಲ್ಲಿಗೆ ಅಂಕ ಮುಗಿಯುತ್ತದೆ. ಓದುವಾಗ ನನ್ನ ಗಮನ ಹೋಗುವುದು ಮಾತಾಡುವವರ ಕಡೆಗಲ್ಲ, ಸುಮ್ಮನೆ ಕೂತವರ ಕಡೆಗೆ. ಆ ಮೇಜಿನ ಮುಂದೆ ಕೆಲಸವಿಲ್ಲದೆ ಕೂತ ನಟ ಒಬ್ಬನೂ ಇಲ್ಲ. ಪ್ರತಿಯೊಬ್ಬನಿಗೂ ಮುಚ್ಚಿಡಲು ಒಂದು ಗುಟ್ಟಿದೆ, ಅದು ಬಯಲಾಗದಂತೆ ನೋಡಿಕೊಳ್ಳುವ ಆತಂಕವಿದೆ. ತನ್ನ ಸರದಿಗಾಗಿ ವೇದಿಕೆಯ ಮೇಲೆ ಕಾದು ಕೂತು, ಕೈ ಎಲ್ಲಿಡಬೇಕೆಂದು ತಿಳಿಯದೆ ಬೇಜಾರಾದವನು ಮಾತ್ರ ಹೀಗೆ ಬರೆಯಬಲ್ಲ.

ಪಾತ್ರ ಹಂಚಿಕೆಯನ್ನೂ ಗಮನಿಸಬೇಕು. ಬಾರ್ಬರಾ ಆದವರು ತಂಡದ ಏಮಿ ಮಾರ್ಟನ್. ಅವಳ ಗಂಡನಾಗಿ ತಂಡ ಕಟ್ಟಿದವರಲ್ಲೇ ಒಬ್ಬರಾದ ಜೆಫ್ ಪೆರ್ರಿ. ಚಿಕ್ಕಮ್ಮನ ಪಾತ್ರದ ರಾಂಡಿ ರೀಡ್‌ಗೆ ಟೋನಿ ಬಂತು. ವಯಲೆಟ್ ಆದ ಡಿಯಾನಾ ಡನಗನ್, ನಿರ್ದೇಶಕಿ ಆನಾ ಶಪೀರೊ ಇಬ್ಬರಿಗೂ ಬಂತು. ಲೆಟ್ಸ್ ಮಾತ್ರ ಈ ನಾಟಕದಲ್ಲಿ ನಟಿಸಲಿಲ್ಲ. ಬೆವರ್ಲಿಯಾಗಿ ನಿಂತವರು ಅವರ ಅಪ್ಪ ಡೆನಿಸ್. ತನ್ನ ಮಾವನ ಪಾತ್ರವನ್ನು, ಮಗ ಬರೆದ ಮಾತಿನಲ್ಲಿ, ಅಳಿಯ ಆಡಿದ ಹಾಗಾಯಿತು. 2007ರ ಬೇಸಿಗೆಯಲ್ಲಿ ಷಿಕಾಗೋದಲ್ಲಿ ಮೊದಲ ಪ್ರಯೋಗ. ನಾಟಕ ಬ್ರಾಡ್‌ವೇಗೆ ಹೊರಡುವ ಹೊತ್ತಿಗೆ ಡೆನಿಸ್‌ಗೆ ಶ್ವಾಸಕೋಶದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಆದರೂ ನ್ಯೂಯಾರ್ಕಿಗೆ ಬಂದರು. ರಂಗಮಂದಿರದ ಕೆಲಸಗಾರರ ಮುಷ್ಕರದಿಂದ ತಡವಾಗಿ ಡಿಸೆಂಬರ್ 4ರಂದು ನಾಟಕ ಶುರುವಾಯಿತು. 2008ರ ಫೆಬ್ರುವರಿಯಲ್ಲಿ ಡೆನಿಸ್ ತೀರಿಕೊಂಡರು. ಪುಲಿಟ್ಜರ್ ಘೋಷಣೆಯಾದದ್ದು ಏಪ್ರಿಲ್‌ನಲ್ಲಿ. ತಾಯಿ ಬಿಲ್ಲಿ ನಾಟಕ ಓದಿ, ನಮ್ಮಮ್ಮನ ಮೇಲೆ ನೀನು ಕರುಣೆಯನ್ನೇ ತೋರಿಸಿದ್ದೀಯ ಎಂಬರ್ಥದ ಮಾತು ಹೇಳಿದರಂತೆ. ವಯಲೆಟ್‌ಳನ್ನು ನೋಡಿದವರಿಗೆ ಆ ಮಾತು ಕೇಳಿ ಬೆನ್ನುಹುರಿ ತಣ್ಣಗಾಗಬೇಕು.

2013ರಲ್ಲಿ ಮೆರಿಲ್ ಸ್ಟ್ರೀಪ್, ಜೂಲಿಯಾ ರಾಬರ್ಟ್ಸ್ ಅಭಿನಯದಲ್ಲಿ ಇದು ಸಿನಿಮಾ ಆಯಿತು. ಚಿತ್ರಕತೆ ಲೆಟ್ಸ್ ಅವರದೇ. ಆದರೂ ನನಗೆ ಅದು ಹಿಡಿಸಲಿಲ್ಲ. ಮೂರೂವರೆ ಗಂಟೆಯನ್ನು ಎರಡಕ್ಕೆ ಇಳಿಸಿದಾಗ ಉಳಿದದ್ದು ಜಗಳಗಳ ಸರಮಾಲೆ. ನಾಟಕದಲ್ಲಿ ಕಿಟಕಿಗಳನ್ನೆಲ್ಲ ಮರೆಮಾಡಿ ಹಗಲು ರಾತ್ರಿ ಬೇರೆಯಾಗದಂತೆ ಮುಚ್ಚಿದ ಮನೆ ಅದು. ಕ್ಯಾಮೆರಾ ಬಾಗಿಲು ತೆಗೆದು ಬಯಲಿಗೆ ಹೋದ ಕೂಡಲೇ ಸೆಕೆಯೆಲ್ಲ ಆರಿಹೋಯಿತು. ದೊಡ್ಡ ತಾರೆಯರು ಒಬ್ಬೊಬ್ಬರೇ ಚೆನ್ನಾಗಿ ನಟಿಸಿದ್ದಾರೆ. ಒಂದೇ ಮನೆಯವರು ಅನ್ನಿಸುವುದಿಲ್ಲ.

‘ಆಗಸ್ಟ್’ನ ಮುಂದಿನ ನಾಟಕ ‘ಸುಪೀರಿಯರ್ ಡೋನಟ್ಸ್’ 2008ರದು. ಷಿಕಾಗೋದ ತಿಂಡಿ ಅಂಗಡಿಯ ಹಿರಿಯ, ಅವನ ಕೈಕೆಳಗೆ ಕೆಲಸಕ್ಕೆ ಸೇರುವ ಕರಿಯ ಹುಡುಗ. ಸಿಹಿ ಸ್ವಲ್ಪ ಜಾಸ್ತಿಯಾಯಿತು. ಮುಂದೆ ಅದು ಟಿವಿಯ ಹಾಸ್ಯ ಧಾರಾವಾಹಿಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಆಲ್ಬಿಯ ನಾಟಕಕ್ಕೆ ಬರೋಣ. 2010ರಲ್ಲಿ ಸ್ಟೆಪನ್‌ವುಲ್ಫ್‌ನಲ್ಲಿ ಪ್ಯಾಮ್ ಮ್ಯಾಕಿನ್ನನ್ ನಿರ್ದೇಶನದಲ್ಲಿ ಶುರುವಾಗಿ, 2012ರ ಅಕ್ಟೋಬರ್ 13ರಂದು ಬ್ರಾಡ್‌ವೇ ಮುಟ್ಟಿತು. ಆ ನಾಟಕ ಮೊದಲ ಬಾರಿ ಬ್ರಾಡ್‌ವೇಗೆ ಬಂದು ಅಂದಿಗೆ ಸರಿಯಾಗಿ ಐವತ್ತು ವರ್ಷ. ಕಾಲೇಜು ಮೇಷ್ಟರು ಜಾರ್ಜ್, ಅವನನ್ನು ಕುಟುಕಿ ಕುಟುಕಿ ಬದುಕುವ ಹೆಂಡತಿ ಮಾರ್ಥಾ, ನಡುರಾತ್ರಿ ಮನೆಗೆ ಬಂದ ಎಳೆಯ ದಂಪತಿ. ಸಾಮಾನ್ಯವಾಗಿ ಮಾರ್ಥಾ ಹುಲಿ, ಜಾರ್ಜ್ ಬೆಕ್ಕು ಎಂಬಂತೆ ಆಡುತ್ತಾರೆ. ಲೆಟ್ಸ್ ಮಾಡಿದ ಜಾರ್ಜ್ ಹಾಗಲ್ಲ. ಇಡೀ ರಾತ್ರಿಯ ಆಟದ ಸೂತ್ರ ತನ್ನ ಕೈಯಲ್ಲೇ ಇದೆಯೆಂದು ಗೊತ್ತಿದ್ದು, ಸಮಯ ಬರುವವರೆಗೆ ಸುಮ್ಮನಿರುವ ಅಪಾಯಕಾರಿ ಮನುಷ್ಯ. ಮಾರ್ಥಾ ಆದವರು ಅದೇ ಏಮಿ ಮಾರ್ಟನ್. ನಾಟಕಕಾರನೊಬ್ಬ ಮತ್ತೊಬ್ಬ ನಾಟಕಕಾರನ ಮಾತನ್ನು ವಾರಕ್ಕೆ ಎಂಟು ಪ್ರದರ್ಶನದಂತೆ ತಿಂಗಳುಗಟ್ಟಲೆ ಆಡುವುದೆಂದರೆ ದೊಡ್ಡ ಪಾಠಶಾಲೆ. ಯಾವ ವಾಕ್ಯ ಉಸಿರಿಗೆ ಸಿಗುತ್ತದೆ, ಯಾವುದು ನೂರನೇ ಸಲಕ್ಕೂ ಸವೆಯುವುದಿಲ್ಲ ಎಂಬುದು ನಾಲಿಗೆಗೆ ತಿಳಿಯುತ್ತದೆ. ಇದೇ ಪ್ರಯೋಗದಲ್ಲಿ ಎಳೆಯ ಹೆಂಡತಿಯ ಪಾತ್ರ ಮಾಡಿದ್ದ ಕ್ಯಾರಿ ಕೂನ್ ಅವರನ್ನು ಲೆಟ್ಸ್ 2013ರಲ್ಲಿ ಮದುವೆಯಾದರು.

ತಾಯಿ ಬಿಲ್ಲಿ 2014ರಲ್ಲಿ ತೀರಿಕೊಂಡರು. 2016ರಲ್ಲಿ ಬಂದ ‘ಮೇರಿ ಪೇಜ್ ಮಾರ್ಲೋ’ ಒಬ್ಬ ಸಾಧಾರಣ ಹೆಂಗಸಿನ ಇಡೀ ಬದುಕನ್ನು ಹನ್ನೊಂದು ದೃಶ್ಯಗಳಲ್ಲಿ, ಕಾಲಕ್ರಮ ಕಲಸಿ ಹೇಳುವ ನಾಟಕ. ಆ ಒಬ್ಬಳನ್ನು ಬೇರೆ ಬೇರೆ ವಯಸ್ಸಿನ ಆರು ನಟಿಯರು ಆಡುತ್ತಾರೆ, ಹಸುಗೂಸಾಗಿದ್ದಾಗ ಒಂದು ಗೊಂಬೆ. ಮಧ್ಯವಯಸ್ಸಿನ ಹೆಂಗಸರಿಗೆ ರಂಗದಲ್ಲಿ ಪಾತ್ರಗಳೇ ಇಲ್ಲ ಎಂಬ ದೂರು ಅಲ್ಲೂ ಇದೆ, ಇಲ್ಲೂ ಇದೆ. ಲೆಟ್ಸ್ ಆ ದೂರಿಗೆ ಎರಡು ನಾಟಕಗಳಲ್ಲಿ ಕೈತುಂಬ ಪಾತ್ರ ಕೊಟ್ಟು ಉತ್ತರಿಸಿದ್ದಾರೆ.

ನನ್ನ ಪ್ರಕಾರ ‘ಆಗಸ್ಟ್’ ಬಿಟ್ಟರೆ ಇವರ ದೊಡ್ಡ ನಾಟಕ ‘ದಿ ಮಿನಿಟ್ಸ್’. ಬಿಗ್ ಚೆರ್ರಿ ಎಂಬ ಊರಿನ ಪುರಸಭೆಯ ಒಂದು ಸಭೆ, ಅಷ್ಟೇ ಕತೆ. ತೊಂಬತ್ತು ನಿಮಿಷದ ಸಭೆ, ತೊಂಬತ್ತು ನಿಮಿಷದ ನಾಟಕ. ವಾಹನ ನಿಲುಗಡೆ, ಕಾರಂಜಿ ದುರಸ್ತಿ, ಕಳುವಾದ ಸೈಕಲ್ಲು ಎಂದು ಚರ್ಚೆ ಸಾಗುತ್ತದೆ. ನಮ್ಮ ಯಾವುದೇ ಪುರಸಭೆಯ ಸಭೆಯಲ್ಲಿ ಕೂತು ಬಂದವರು ಮೊದಲ ಅರ್ಧ ಗಂಟೆ ಹೊಟ್ಟೆ ಹಿಡಿದು ನಗಬಹುದು. ಹಿಂದಿನ ಸಭೆಗೆ ಬಾರದಿದ್ದ ಹೊಸ ಸದಸ್ಯನೊಬ್ಬ ಆ ಸಭೆಯ ನಡಾವಳಿ ಎಲ್ಲಿ, ಅಂದು ಇದ್ದ ಒಬ್ಬ ಸದಸ್ಯ ಇವತ್ತು ಯಾಕಿಲ್ಲ ಎಂದು ಕೇಳುತ್ತಾನೆ. ಯಾರೂ ಬಾಯಿ ಬಿಡುವುದಿಲ್ಲ. ಊರು ಹೆಮ್ಮೆಯಿಂದ ವರ್ಷವರ್ಷ ಆಡಿ ತೋರಿಸುವ ತನ್ನ ಹುಟ್ಟಿನ ವೀರಗಾಥೆ ಸುಳ್ಳು, ಅದರ ಬುಡದಲ್ಲಿರುವುದು ಆದಿವಾಸಿಗಳ ಮಾರಣಹೋಮ ಎಂಬುದು ನಿಧಾನಕ್ಕೆ ಹೊರಗೆ ಬರುತ್ತದೆ. ‘ಆಗಸ್ಟ್’ನಲ್ಲಿ ಅಟ್ಟದ ಕೋಣೆಯಲ್ಲಿ ಮಲಗುವ ಜಾನ್ನಾಳನ್ನು ನೆನೆಯಬೇಕು. ಎಲ್ಲರೂ ಬಿಟ್ಟುಹೋದ ಮೇಲೆ ವಯಲೆಟ್ ಮೆಟ್ಟಿಲು ಹತ್ತಿ ಹೋಗುವುದು ಅವಳ ಮಡಿಲಿಗೆ. ಓಸೇಜ್ ಜನರ ಎಣ್ಣೆ ದುಡ್ಡಿಗಾಗಿ ನಡೆದ ಕೊಲೆಗಳ ಮೇಲೆ ಮಾರ್ಟಿನ್ ಸ್ಕಾರ್ಸೇಸಿ ಮಾಡಿದ ಸಿನಿಮಾ ಹಲವರು ನೋಡಿರಬಹುದು. ‘ಆಗಸ್ಟ್’ ನಡೆಯುವುದೂ ಅದೇ ನೆಲದಲ್ಲಿ, ಅದೇ ಕೌಂಟಿಯಲ್ಲಿ.

‘ದಿ ಮಿನಿಟ್ಸ್’ 2017ರಲ್ಲಿ ಷಿಕಾಗೋದಲ್ಲಿ ರಂಗಕ್ಕೆ ಬಂದಾಗ ಮೇಯರ್ ಪಾತ್ರ ಬೇರೆಯವರದು. ಬ್ರಾಡ್‌ವೇಯಲ್ಲಿ ಅದನ್ನು ಲೆಟ್ಸ್ ತಾವೇ ವಹಿಸಿಕೊಂಡರು. 2020ರ ಮಾರ್ಚ್‌ನಲ್ಲಿ ತೆರೆ ಏಳುವ ಹೊತ್ತಿಗೆ ಕೊರೊನಾ ಬಂದು ರಂಗಮಂದಿರಗಳೆಲ್ಲ ಮುಚ್ಚಿದವು. ಎರಡು ವರ್ಷ ಕಾದು 2022ರ ಏಪ್ರಿಲ್‌ನಲ್ಲಿ ಆಡಿದರು. ‘ಆಗಸ್ಟ್’ನಲ್ಲಿದ್ದ ಸ್ಯಾಲಿ ಮರ್ಫಿ, ಇಯಾನ್ ಬಾರ್ಫೋರ್ಡ್ ಇಲ್ಲೂ ಇದ್ದರು. ಆ ಬಾರ್ಫೋರ್ಡ್ ನಡುವೆ ಲೆಟ್ಸ್ ಅವರ ‘ಲಿಂಡಾ ವಿಸ್ಟಾ’ದ ಮುಖ್ಯ ಪಾತ್ರವನ್ನೂ ಮಾಡಿದ್ದರು. ನಾಟಕ ಬದಲಾದರೂ ಕೆಲವು ಮುಖಗಳು ಬದಲಾಗುವುದಿಲ್ಲ.

ಈ ವ್ಯವಸ್ಥೆ ನಮಗೆ ಅಪರಿಚಿತವೇನಲ್ಲ. ಬೆಳ್ಳಾವೆ ನರಹರಿಶಾಸ್ತ್ರಿಗಳು ಗುಬ್ಬಿ ಕಂಪನಿಗೆ ನಾಟಕ ಬರೆದದ್ದು ಕಂಪನಿಯ ನಟರ ಕಂಠ, ಮೈಕಟ್ಟು ಕಣ್ಣ ಮುಂದಿಟ್ಟುಕೊಂಡೇ. ಮಾಸ್ಟರ್ ಹಿರಣ್ಣಯ್ಯ ‘ಲಂಚಾವತಾರ’ವನ್ನು ಪ್ರೇಕ್ಷಕರ ಎದುರು ನಿಂತೇ ದಿನದಿನವೂ ಬೆಳೆಸಿದರು. ಗಿರೀಶ ಕಾರ್ನಾಡರು ಸಿನಿಮಾದಲ್ಲಿ ನಟಿಸಿ ನಾಟಕ ಬರೆದವರು. ಲೆಟ್ಸ್‌ಗೆ ‘ಹೋಮ್‌ಲ್ಯಾಂಡ್’ ಹೇಗೋ ಅವರಿಗೆ ಹಿಂದಿ ಸಿನಿಮಾ ಹಾಗೆ ಅನ್ನಬಹುದೇನೋ. ಆದರೆ ಹವ್ಯಾಸಿ ರಂಗಭೂಮಿ ಬಲಿತ ಮೇಲೆ ನಮ್ಮಲ್ಲಿ ನಾಟಕ ಕಟ್ಟುವ ಕೇಂದ್ರ ನಿರ್ದೇಶಕನ ಕಡೆ ಸರಿಯಿತು. 1985ರಲ್ಲಿ ನೀನಾಸಂ ತಿರುಗಾಟ ಶುರುವಾಯಿತು, 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಎರಡೂ ನಮ್ಮ ಹೆಮ್ಮೆ. ಒಳ್ಳೆಯ ನಟರು ಬಂದರು, ನಿರ್ದೇಶಕರು, ಬೆಳಕಿನವರು, ರಂಗಸಜ್ಜಿಕೆಯವರು ಬಂದರು. ನಾಟಕಕಾರ ಮಾತ್ರ ಹೊರಗೇ ಉಳಿದ. ಎಲ್ಲೋ ಕೂತು ಬರೆದು ಅಚ್ಚು ಹಾಕಿಸಿ, ಯಾರಾದರೂ ಆಡಿಯಾರೇ ಎಂದು ಕಾಯುತ್ತಾನೆ. ಕನ್ನಡದಲ್ಲಿ ಹೊಸ ನಾಟಕಗಳಿಲ್ಲ ಎಂಬ ಗೊಣಗಾಟ ಪ್ರತಿ ವಿಚಾರ ಸಂಕಿರಣದಲ್ಲೂ ಕೇಳುತ್ತದೆ, ಕಾದಂಬರಿಗಳನ್ನು ರಂಗಕ್ಕಿಳಿಸಿ ಕೊರತೆ ತುಂಬಿಸಿಕೊಳ್ಳುತ್ತೇವೆ.

ಖರ್ಚಿನ ಮಾತು ಬರುತ್ತದೆಂದು ಗೊತ್ತು. ಒಬ್ಬ ನಟನಿಗೆ ಕೊಡುವಷ್ಟನ್ನೇ ಒಬ್ಬ ನಾಟಕಕಾರನಿಗೂ ಕೊಟ್ಟು, ತಾಲೀಮಿನ ಕೋಣೆಯಲ್ಲಿ ಅವನಿಗೆ ಅಥವಾ ಅವಳಿಗೆ ಕೂರಲು ಜಾಗ ಬಿಡುವುದು ಯಾವ ರಂಗಾಯಣಕ್ಕೂ ಭಾರವಾಗದು. ಸಣ್ಣ ಪಾತ್ರವನ್ನೂ ಮಾಡಿಸಿ. ಮೊದಲ ನಾಟಕ ಕೆಟ್ಟದಾಗಿ ಬಂದರೆ ಎರಡನೆಯದಕ್ಕೂ ಅವಕಾಶ ಕೊಡಿ, ಮೂರನೆಯದಕ್ಕೂ ಕೊಡಿ. ಲೆಟ್ಸ್ ತಂಡಕ್ಕೆ ಸೇರಿ ‘ಆಗಸ್ಟ್’ ಬರೆದು ಆಡಿಸುವ ಹೊತ್ತಿಗೆ ಐದು ವರ್ಷ ಕಳೆದಿತ್ತು. ಮೈಸೂರು, ಧಾರವಾಡ, ಕಲಬುರಗಿ, ಶಿವಮೊಗ್ಗದ ರಂಗಾಯಣಗಳ ಪೈಕಿ ಒಂದಾದರೂ ಮುಂದಿನ ಸಾಲಿನಿಂದಲೇ ಇದನ್ನು ಮಾಡಿ ನೋಡಲಿ.